ದಕ್ಷಿಣ ಭಾರತ ಸಭೆಯ ಐಕ್ಯ ಮತ್ತು ನಾಯಕತ್ವದ ಹಂಚಿಕೆ (1919–1947)

ಧಾರ್ಮಿಕ ಸಂಸ್ಥೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ತತ್ತ್ವಸಿದ್ಧಾಂತಗಳಿಗೆ ಹೆಚ್ಚಿನ ಗಮನವನ್ನು ಕೊಟ್ಟು, ಆಡಳಿತವ್ಯವಸ್ಥೆಯನ್ನು ಅನುಬಂಧದಂತೆ ಕೊನೆಗೆ ಸೇರಿಸುವ ವಾಡಿಕೆಯುಂಟು. ಪ್ರಾಟೆಸ್ಟೆಂಟ್ ಕ್ರೈಸ್ತರ ವಿಷಯದಲ್ಲಿ ಈ ಕ್ರಮ ಸರಿಹೋಗುವುದಿಲ್ಲ. ಹದಿನಾರನೆಯ ಶತಮಾನದಿಂದೀಚೆಗೆ ಅವರನ್ನು ಹಲವು ಪಂಗಡಗಳಾಗಿ ಒಡೆದ ವಿವಾದಗಳಲ್ಲಿ ಬಹುಪಾಲು, ದೇವರ ಸ್ವರೂಪವನ್ನು ಕುರಿತವಲ್ಲ. ಸಭೆಯನ್ನು ಯಾರು ಆಳಬೇಕು, ಆಳುವವರನ್ನು ಯಾರು ನೇಮಿಸಬೇಕು, ಆಳಿಸಿಕೊಳ್ಳುವವರ ಮಾತಿಗೆ ಎಷ್ಟು ಬೆಲೆಯಿರಬೇಕು ಎಂಬ ಪ್ರಶ್ನೆಗಳನ್ನು ಕುರಿತವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯ ಚರಿತ್ರೆಯನ್ನು ಐಕ್ಯದ ಕಥೆಯೆಂದು ಹೇಳುವುದು ರೂಢಿ. ಅದನ್ನು ಅಧಿಕಾರ ಹಂಚಿಕೆಯ ಒಂದು ಒಡಂಬಡಿಕೆಯೆಂದು ನೋಡಿದರೆ ಏನು ಕಾಣುವುದೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಒಡಂಬಡಿಕೆಯು ಮೇಲಿನ ಹಂತಗಳಲ್ಲಿ ಅಧಿಕಾರವನ್ನು ಬಹು ಜಾಣ್ಮೆಯಿಂದ ಹಂಚಿತು. ಹಳ್ಳಿಯ ಹಂತಕ್ಕೆ ಬಂದಾಗ ಆ ಜಾಣ್ಮೆ ಅರ್ಧದಲ್ಲೇ ನಿಂತಿತು ಎಂಬುದು ನಮ್ಮ ಅಭಿಪ್ರಾಯ.

ಕ್ರೈಸ್ತೇತರ ಓದುಗರಿಗೆ ಮೊದಲು ಪಂಗಡಗಳ ಪರಿಚಯ ಅಗತ್ಯ. ಆಡಳಿತದ ದೃಷ್ಟಿಯಿಂದ ಪ್ರಾಟೆಸ್ಟೆಂಟರಲ್ಲಿ ಮೂರು ಮುಖ್ಯ ಪದ್ಧತಿಗಳಿವೆ. ಇಂಗ್ಲೆಂಡಿನ ರಾಜಮಾನ್ಯ ಸಭೆಯಾದ ಆಂಗ್ಲಿಕನ್ ಸಭೆಯಲ್ಲಿ ಬಿಷಪನು ಒಂದು ಧರ್ಮಪ್ರಾಂತ್ಯದ ಮುಖ್ಯಸ್ಥ. ಬೋಧಕರ ತಲೆಯ ಮೇಲೆ ಕೈಗಳನ್ನಿಟ್ಟು ಅವರನ್ನು ಅಭಿಷೇಕಿಸುವ ಅಧಿಕಾರ ಅವನೊಬ್ಬನಿಗೇ ಸೇರಿದ್ದು. ಆ ಅಧಿಕಾರವು ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದಿದೆಯೆಂಬುದು ಅಲ್ಲಿನ ಅನೇಕರ ನಂಬಿಕೆ. ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ನರು ಬಿಷಪನನ್ನು ಒಪ್ಪುವುದಿಲ್ಲ; ಬೋಧಕರೂ ಸಭೆಯಿಂದ ಆರಿಸಲ್ಪಟ್ಟ ಹಿರಿಯರೂ ಒಟ್ಟಾಗಿ ಕುಳಿತು ಆಳುವ ಸಮಿತಿಗಳೇ ಅವರಲ್ಲಿ ಪ್ರಧಾನ. ಕಾಂಗ್ರಿಗೇಷನಲ್ ಪಂಗಡದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಊರಿನಲ್ಲಿ ಕೂಡಿದ ಭಕ್ತರ ಸಮೂಹವೇ ಪೂರ್ಣ ಸಭೆ, ಅದರ ಮೇಲೆ ಹೊರಗಿನ ಯಾವ ಅಧಿಕಾರವೂ ಸಲ್ಲದು ಎಂದರು. ಮೆಥಡಿಸ್ಟರದು ಇವುಗಳ ನಡುವಣ ಪದ್ಧತಿ. ಅವರಲ್ಲಿ ವಾರ್ಷಿಕ ಸಮ್ಮೇಲನದ ಹಿಡಿತ ಬಿಗಿಯಾದುದಾದರೂ, ತಳದಲ್ಲಿ ಸಾಮಾನ್ಯ ಸಭಿಕರ ಪಾತ್ರ ಬಹಳ ದೊಡ್ಡದು. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸುವುದಕ್ಕಾಗಿ ಹನ್ನೆರಡು ಹನ್ನೆರಡು ಮಂದಿಗೆ ಒಬ್ಬೊಬ್ಬ ಮುಂದಾಳನ್ನು ಗೊತ್ತುಮಾಡಿ ವಾರಕ್ಕೊಂದು ಪೆನ್ನಿ ವಸೂಲು ಮಾಡಿದರು; ಹಣ ವಸೂಲಿಗೆಂದು ಹುಟ್ಟಿದ ಆ ಏರ್ಪಾಡೇ ಮುಂದೆ ಮೆಥಡಿಸ್ಟರ ಆಧ್ಯಾತ್ಮಿಕ ಶಿಸ್ತಿನ ಬೆನ್ನೆಲುಬಾಯಿತು. ದುಡ್ಡಿನ ಲೆಕ್ಕದಿಂದ ಆತ್ಮದ ಲೆಕ್ಕ ಆರಂಭವಾದ ಇಂಥ ಉದಾಹರಣೆಗಳು ಇತಿಹಾಸದಲ್ಲಿ ಅಪರೂಪವೇನಲ್ಲ.

ಈ ಭೇದಗಳು ಇಂಗ್ಲೆಂಡಿನಲ್ಲಿ ರಕ್ತಪಾತಕ್ಕೂ ಕಾರಣವಾಗಿದ್ದವು. ಅಂತರ್ಯುದ್ಧದ ಕಾಲದಲ್ಲಿ, 1646ರಲ್ಲಿ, ಪಾರ್ಲಿಮೆಂಟು ಬಿಷಪರ ಪದವಿಯನ್ನೇ ರದ್ದುಗೊಳಿಸಿತು. ರಾಜತ್ವ ಮರಳಿದ ಮೇಲೆ 1662ರ ಏಕರೂಪತಾ ಶಾಸನದ ಕಾಲದಲ್ಲಿ, ಬಿಷಪರ ಅಧಿಕಾರಕ್ಕೂ ರಾಜಮಾನ್ಯ ಪ್ರಾರ್ಥನಾಗ್ರಂಥಕ್ಕೂ ಒಪ್ಪದ ಸುಮಾರು ಎರಡು ಸಾವಿರ ಬೋಧಕರು ತಮ್ಮ ಸ್ಥಾನಗಳನ್ನು ಕಳೆದುಕೊಂಡರು. ಆ ಕಹಿ ನೆನಪುಗಳೇ ಮಿಷನರಿಗಳೊಡನೆ ಹಡಗನ್ನೇರಿ ದಕ್ಷಿಣ ಭಾರತಕ್ಕೆ ಬಂದವು. ಇಲ್ಲಿ ಮಿಷನ್ ಸಂಘಗಳು ಪರಸ್ಪರ ಪೈಪೋಟಿಯನ್ನು ತಪ್ಪಿಸುವ ಸದುದ್ದೇಶದಿಂದ ಜಿಲ್ಲೆಗಳನ್ನು ಹಂಚಿಕೊಂಡವು. ಅದರ ಫಲ ವಿಚಿತ್ರವಾಯಿತು. ಲಂಡನ್ ಮಿಷನ್ ಸಂಘವು 1810ರಲ್ಲಿ ಬಳ್ಳಾರಿಯಲ್ಲಿ ನೆಲೆಯೂರಿದ್ದರಿಂದ ಬಳ್ಳಾರಿಯ ಕ್ರೈಸ್ತನು ಕಾಂಗ್ರಿಗೇಷನಲ್ ಪದ್ಧತಿಯವನಾದನು, ತುಮಕೂರಿನವನು ವೆಸ್ಲಿಯನ್ ಮೆಥಡಿಸ್ಟನಾದನು, ದೋರ್ನಕಲ್ಲಿನವನು ಆಂಗ್ಲಿಕನ್ನನಾದನು, ಗುಂಟೂರಿನವನು ಲೂಥರನ್ನನಾದನು. ಇವರಲ್ಲಿ ಒಬ್ಬನಾದರೂ ಬಿಷಪನು ಬೇಕೇ ಬೇಡವೇ ಎಂದು ಯೋಚಿಸಿ ತನ್ನ ಪಂಗಡವನ್ನು ಆರಿಸಿಕೊಂಡವನಲ್ಲ. ಊರು ಯಾವ ಜಿಲ್ಲೆಗೆ ಸೇರಿತ್ತೋ ಅದೇ ಅವನ ಸಿದ್ಧಾಂತ.

1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ ಕೂಡಿದ 33 ಮಂದಿಯ ಮನಸ್ಸಿನಲ್ಲಿ ಇದ್ದುದು ಈ ಅಸಂಬದ್ಧತೆಯೇ. ತರಂಗಂಬಾಡಿ ಕೋರಮಂಡಲ ತೀರದ ಒಂದು ಸಣ್ಣ ಊರು. ಡೇನರು 1620ರಲ್ಲಿ ಅಲ್ಲಿ ಕೋಟೆ ಕಟ್ಟಿದರು. 1706ರಲ್ಲಿ ಜೀಗನ್‌ಬಾಲ್ಗ್ ಮತ್ತು ಪ್ಲೂಟ್ಷೌ ಎಂಬ ಇಬ್ಬರು ಜರ್ಮನರು ಅಲ್ಲಿಗೆ ಬಂದಿಳಿದುದರಿಂದ ಭಾರತದ ಪ್ರಾಟೆಸ್ಟೆಂಟ್ ಪ್ರಚಾರಕಾರ್ಯದ ಚರಿತ್ರೆ ಆರಂಭವಾಗುತ್ತದೆ. 1919ರ ಕೂಟದಲ್ಲಿ ಸೇರಿದವರು ಹೆಚ್ಚಿನವರೆಲ್ಲ ಭಾರತೀಯರು. ಒಂದು ಪಾಲು ಆಂಗ್ಲಿಕನ್ನರು, ಇನ್ನೊಂದು ಪಾಲು ದಕ್ಷಿಣ ಭಾರತ ಐಕ್ಯ ಸಭೆಯವರು. ಈ ಐಕ್ಯ ಸಭೆ 1908ರಲ್ಲಿ ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳ ಕೂಡಿಕೆಯಿಂದ ಆಗಲೇ ರೂಪುಗೊಂಡಿತ್ತು. ತಮ್ಮನ್ನು ಬೇರ್ಪಡಿಸಿದ ಗೋಡೆಗಳು ತಾವು ಕಟ್ಟಿದವಲ್ಲ, ಹೊರಗಿನಿಂದ ಬಂದವು ಎಂಬ ಅರಿವು ಅವರ ಹೇಳಿಕೆಯಲ್ಲಿ ಸ್ಪಷ್ಟವಾಗಿದೆ.

ಆ ಹೇಳಿಕೆಯು ಐಕ್ಯಕ್ಕೆ ಆಧಾರವಾಗಿ ನಾಲ್ಕು ಅಂಶಗಳನ್ನು ಮುಂದಿಟ್ಟಿತು: ಧರ್ಮಗ್ರಂಥ, ಪ್ರಾಚೀನ ವಿಶ್ವಾಸಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನವೆಂಬ ಎರಡು ಸಂಸ್ಕಾರಗಳು, ಹಾಗೂ ಐತಿಹಾಸಿಕ ಬಿಷಪ್ ಪದವಿ. ಇವು ಹೊಸವಲ್ಲ, 1888ರ ಲ್ಯಾಂಬೆತ್ ಸಮ್ಮೇಲನದಲ್ಲಿ ಆಂಗ್ಲಿಕನ್ ಬಿಷಪರು ಒಪ್ಪಿಕೊಂಡ ಅಂಶಗಳೇ. ಹೊಸದಾದುದು ಬೇರೆ ಕಡೆ ಇದೆ. ಸಭೆಯ ಆಡಳಿತದಲ್ಲಿ ಮೂರು ಅಂಶಗಳು ಇರಬೇಕೆಂದೂ ಮೂರಕ್ಕೂ ಧರ್ಮಗ್ರಂಥದಲ್ಲಿ ಆಧಾರವಿದೆಯೆಂದೂ ತರಂಗಂಬಾಡಿಯವರು ಸಾರಿದರು. ಪ್ರತಿಯೊಬ್ಬ ಸದಸ್ಯನಿಗೂ ದೇವರ ಸನ್ನಿಧಿಗೆ ನೇರವಾದ ಪ್ರವೇಶವುಳ್ಳ ಇಡೀ ಸಮುದಾಯವು ಮೊದಲನೆಯದು. ಸಮುದಾಯವು ತನ್ನ ಅಧಿಕಾರವನ್ನು ಒಪ್ಪಿಸಿಕೊಟ್ಟ ಸಮಿತಿಗಳು ಎರಡನೆಯದು. ಎಲ್ಲರ ಪ್ರತಿನಿಧಿಯಾಗಿ ಕಾರ್ಯ ನಡೆಸುವ ಬಿಷಪನು ಮೂರನೆಯದು. ಅಂದರೆ ಮೂರು ಶತಮಾನಗಳ ಕಾಲ ಪರಸ್ಪರ ವಿರೋಧಿಗಳೆಂದು ಭಾವಿಸಲ್ಪಟ್ಟಿದ್ದ ಮೂರು ಪದ್ಧತಿಗಳನ್ನು ಅವರು ಒಂದೇ ದೇಹದ ಮೂರು ಅಂಗಗಳೆಂದು ಓದಿದರು.

ಇದಕ್ಕೆ ಧರ್ಮಗ್ರಂಥದ ಆಧಾರವಿದೆಯೆಂಬ ಮಾತು ಬರಿಯ ಸೌಜನ್ಯದ ಮಾತಲ್ಲ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಆಹಾರ ಹಂಚಿಕೆಯ ವಿಷಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಅನ್ಯಾಯವಾಗುತ್ತಿದೆಯೆಂಬ ದೂರು ಬಂದಾಗ, ಅಪೊಸ್ತಲರು ತಾವೇ ತೀರ್ಪು ಕೊಡದೆ, ಶಿಷ್ಯಸಮುದಾಯದಿಂದ ಏಳು ಮಂದಿಯನ್ನು ಆರಿಸಿ ಕೊಡುವಂತೆ ಕೇಳುತ್ತಾರೆ. ಆರಿಸಿದವರು ಜನ, ಕೈಯಿಟ್ಟು ನೇಮಿಸಿದವರು ಅಪೊಸ್ತಲರು. ಅದೇ ಗ್ರಂಥದ ಇಪ್ಪತ್ತನೆಯ ಅಧ್ಯಾಯದಲ್ಲಿ ಪೌಲನು ಎಫೆಸದ ಹಿರಿಯರನ್ನು ಕರೆಯಿಸಿಕೊಂಡು ಮಾತನಾಡುತ್ತಾನೆ. ಕೆಲವೇ ವಾಕ್ಯಗಳ ಅನಂತರ ಅದೇ ವ್ಯಕ್ತಿಗಳನ್ನು ಮೇಲ್ವಿಚಾರಕರೆಂದು ಕರೆಯುತ್ತಾನೆ. ‘ಬಿಷಪ್’ ಎಂಬ ಪದ ಬಂದುದು ಮೇಲ್ವಿಚಾರಕನೆಂಬ ಅರ್ಥದ ಆ ಗ್ರೀಕ್ ಶಬ್ದದಿಂದ. ‘ಪ್ರೆಸ್ಬಿಟರ್’ ಎಂದರೆ ಹಿರಿಯ. ಆದುದರಿಂದ ಮೊದಲ ಶತಮಾನದಲ್ಲಿ ಎರಡೂ ಒಂದೇ ಪದವಿಯ ಹೆಸರುಗಳಾಗಿದ್ದವೆಂದು ಊಹಿಸಲು ಅವಕಾಶವಿದೆ. ಎರಡನೆಯ ಶತಮಾನದ ಆರಂಭದ ಅಂತಿಯೋಕ್ಯದ ಇಗ್ನೇಷಿಯಸನ ಪತ್ರಗಳಲ್ಲಿಯಾದರೋ ಒಬ್ಬ ಬಿಷಪ್, ಅವನ ಸುತ್ತ ಹಿರಿಯರು, ಅವರೊಡನೆ ಸಭಾಸೇವಕರು ಎಂಬ ಮೂರು ದರ್ಜೆಗಳು ಸ್ಪಷ್ಟವಾಗಿ ಕಾಣುತ್ತವೆ. ಹಿರಿಯರ ಮಂಡಲಿಯಿಂದಲೇ ಬಿಷಪನ ಪದವಿ ಮೇಲಕ್ಕೆದ್ದು ಬಂದಿತೆಂದು 1868ರಲ್ಲಿ ವಾದಿಸಿದ ಜೆ. ಬಿ. ಲೈಟ್‌ಫುಟ್ ಮುಂದೆ ಸ್ವತಃ ಡರಮ್ಮಿನ ಬಿಷಪನಾದನೆಂಬುದು ಗಮನಾರ್ಹ.

ಆದರೆ ತರಂಗಂಬಾಡಿಯವರನ್ನು ಪ್ರೇರಿಸಿದ್ದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಅನುಭವ. ಆ ಕೂಟದ ಪ್ರಮುಖರಲ್ಲಿ ಒಬ್ಬರಾದ ವೇದನಾಯಗಂ ಸ್ಯಾಮುಯೆಲ್ ಅಜರಯ್ಯನವರ ಜೀವನವನ್ನು ನೋಡಿದರೆ ಇದು ಮನವರಿಕೆಯಾಗುತ್ತದೆ. 1874ರಲ್ಲಿ ತಿರುನೆಲ್ವೇಲಿ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಅವರು 1910ರ ಎಡಿನ್‌ಬರೋ ಸಮ್ಮೇಲನದಲ್ಲಿ, ಮಿಷನರಿಗಳು ಭಾರತೀಯ ಸಹೋದ್ಯೋಗಿಗಳಿಗೆ ಧನವನ್ನೂ ಶ್ರಮವನ್ನೂ ಕೊಡುವರೇ ಹೊರತು ಸಮಾನರ ಸ್ನೇಹವನ್ನು ಕೊಡುವುದಿಲ್ಲವೆಂಬ ಕೊರತೆಯನ್ನು ನೇರವಾಗಿ ಎತ್ತಿ ಹೇಳಿದರು. ಅನೇಕ ಶ್ರೋತೃಗಳಿಗೆ ಅದು ರುಚಿಸಲಿಲ್ಲ. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ದೋರ್ನಕಲ್ ಪ್ರಾಂತ್ಯದ ಬಿಷಪರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯ ಮೊದಲನೆಯ ಭಾರತೀಯ ಬಿಷಪರು ಅವರೇ. ಭಾರತೀಯನೊಬ್ಬನ ಕೈಕೆಳಗೆ ಕೆಲಸ ಮಾಡುವುದು ಹೇಗೆಂಬ ಶಂಕೆ ಆಗ ಬಿಳಿಯ ಮಿಷನರಿಗಳಲ್ಲಿ ಕಡಮೆಯಿರಲಿಲ್ಲ. ನಾಯಕತ್ವದ ಹಂಚಿಕೆಯೆಂಬ ಪ್ರಶ್ನೆ ಹೀಗೆ ಬಿಷಪ್ ಮತ್ತು ಹಿರಿಯರ ನಡುವಣ ಪ್ರಶ್ನೆ ಮಾತ್ರವಾಗಿರದೆ, ಆಳುವ ಜನಾಂಗ ಮತ್ತು ಆಳಿಸಿಕೊಳ್ಳುವ ಜನಾಂಗಗಳ ನಡುವಣ ಪ್ರಶ್ನೆಯೂ ಆಗಿತ್ತು.

ದೋರ್ನಕಲ್ ಪ್ರಾಂತ್ಯದಲ್ಲಿ ಆಗ ಮಾಲ ಮತ್ತು ಮಾದಿಗ ಸಮುದಾಯಗಳವರು ಗುಂಪುಗುಂಪಾಗಿ ಕ್ರೈಸ್ತರಾಗುತ್ತಿದ್ದರು. ಅಭಿಷಿಕ್ತ ಬೋಧಕರು ಬೆರಳೆಣಿಕೆಯಷ್ಟು, ಹಳ್ಳಿಗಳು ನೂರಾರು. ಹಳ್ಳಿಯಲ್ಲಿ ಸಭೆಯನ್ನು ನಡೆಸುತ್ತಿದ್ದವನು ಉಪದೇಶಿ. ಅವನೇ ಶಾಲೆಯ ಮೇಷ್ಟರು. ಸಂಜೆಯ ಪ್ರಾರ್ಥನೆ ನಡೆಸುವವನೂ ಅವನೇ. ಕಾಗದಪತ್ರ ಬರೆದುಕೊಡುವವನು, ಜಮೀನ್ದಾರನ ಮುಂದೆ ಜನರ ಪರವಾಗಿ ನಿಲ್ಲುವವನು, ರೋಗಿಯ ಬಳಿ ಕೂರುವವನು, ಸತ್ತವರನ್ನು ಮಣ್ಣುಮಾಡುವವನೂ ಅವನೇ. ಅವನಿಗೆ ಜೊತೆಯಾಗಿ ಊರಿನ ಹಿರಿಯರ ಒಂದು ಪಂಚಾಯಿತಿ ಇರುತ್ತಿತ್ತು. ಅಜರಯ್ಯನವರು ಈ ಹಳ್ಳಿಗರನ್ನು ಬರಿಯ ಶಿಷ್ಯರೆಂದು ಎಣಿಸಲಿಲ್ಲ. ದೀಕ್ಷಾಸ್ನಾನ ಪಡೆದವನು ತನ್ನ ತಲೆಯ ಮೇಲೆ ತನ್ನ ಕೈಯನ್ನೇ ಇಟ್ಟುಕೊಂಡು, ಸುವಾರ್ತೆಯನ್ನು ಸಾರುವ ಹೊಣೆ ತನ್ನದೆಂದು ಹೇಳುವಂತೆ ಅವರು ಕಲಿಸಿದರು. ಬಿಷಪನ ಕೈ ಬೋಧಕನ ತಲೆಯ ಮೇಲೆ ಬೀಳುವುದು ಅಭಿಷೇಕ. ಕೂಲಿಯವನ ಕೈ ತನ್ನ ತಲೆಯ ಮೇಲೆ ತಾನೇ ಬೀಳುವುದು ಇದು. ಸ್ವತಃ ಬಿಷಪರಾಗಿದ್ದವರು ಇಂಥ ಕ್ರಮವನ್ನು ಬಳಕೆಗೆ ತಂದುದರ ಅರ್ಥ ಸಾಮಾನ್ಯವಾದುದಲ್ಲ.

ತರಂಗಂಬಾಡಿಯ ಉತ್ಸಾಹ ಮುಂದಿನ 28 ವರ್ಷಗಳಲ್ಲಿ ಹಲವು ಸಲ ಬತ್ತಿಹೋಗುವ ಸ್ಥಿತಿಗೆ ಬಂದಿತು. 1920ರಲ್ಲಿ ಎರಡು ಸಭೆಗಳ ಜಂಟಿ ಸಮಿತಿ ಕೂಡಿತು. 1925ರಲ್ಲಿ ವೆಸ್ಲಿಯನ್ ಮೆಥಡಿಸ್ಟರು ಮಾತುಕತೆಗೆ ಸೇರಿದರು. 1929ರಲ್ಲಿ ಐಕ್ಯಯೋಜನೆಯ ಕರಡು ಮೊದಲ ಸಲ ಪ್ರಕಟವಾಯಿತು. ಆ ವರ್ಷದವರೆಗೆ ಮುಂಬಯಿಯ ಬಿಷಪರಾಗಿದ್ದ ಇ. ಜೆ. ಪಾಮರ್ ಅವರ ಶ್ರಮ ಇದರಲ್ಲಿ ದೊಡ್ಡದು. ಕರಡು ಮತ್ತೆ ಮತ್ತೆ ತಿದ್ದುಪಡಿ ಹೊಂದಿದ ವಿವರಗಳೆಲ್ಲ ಇಲ್ಲಿ ಬೇಡ. ಎರಡು ಗಂಟುಗಳನ್ನು ಮಾತ್ರ ಬಿಡಿಸಿ ನೋಡೋಣ.

ಮೊದಲನೆಯದು, ಬಿಷಪನ ಕೈಯಿಂದ ಅಭಿಷೇಕ ಹೊಂದದ ಬೋಧಕರ ಸ್ಥಾನವೇನೆಂಬುದು. ಎಲ್ಲರೂ ಪರಸ್ಪರ ಕೈಯಿಟ್ಟು ಹೊಸದಾಗಿ ಅಧಿಕಾರ ಕೊಟ್ಟುಕೊಳ್ಳಲಿ ಎಂಬ ಸಲಹೆ ಆರಂಭದಲ್ಲಿ ಬಂದಿತು. ಐಕ್ಯ ಸಭೆಯವರು ಇದನ್ನು ಒಪ್ಪಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಸಂಸ್ಕಾರಗಳನ್ನು ನಡೆಸಿದ ಬೋಧಕನಿಗೆ ಮತ್ತೆ ಅಭಿಷೇಕವೆಂದರೆ, ಆತ ಅದುವರೆಗೆ ಮಾಡಿದ್ದೆಲ್ಲ ಊನವೆಂದು ಒಪ್ಪಿದಂತಾಗುವುದು ಎಂಬುದು ಅವರ ವಾದ. ವಾದ ನ್ಯಾಯವಾದುದೇ. ಕೊನೆಗೆ ಆದ ತೀರ್ಮಾನ ಇದು: ಐಕ್ಯದ ದಿನ ಮೂರು ಸಭೆಗಳಲ್ಲಿಯೂ ಸೇವೆಯಲ್ಲಿದ್ದ ಬೋಧಕರು ಹೇಗಿದ್ದರೋ ಹಾಗೆಯೇ ಹೊಸ ಸಭೆಯ ಬೋಧಕರು, ಆ ದಿನದಿಂದ ಮುಂದೆ ಎಲ್ಲ ಅಭಿಷೇಕಗಳೂ ಬಿಷಪರಿಂದ, ಮೂವತ್ತು ವರ್ಷಗಳ ಅನಂತರ, ಹೊರಗಿನ ಸಭೆಗಳಿಂದ ಬರುವ ಬೋಧಕರ ವಿಷಯದಲ್ಲಿ ಮುಂದೆ ಯಾವ ನಿಯಮವಿರಬೇಕೆಂಬುದನ್ನು ಸಭೆಯೇ ಸ್ವತಂತ್ರವಾಗಿ ನಿರ್ಧರಿಸತಕ್ಕದ್ದು. ಇದರೊಡನೆ, ಯಾವ ಸ್ಥಳೀಯ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಬೋಧಕನನ್ನು ಅಥವಾ ಆರಾಧನಾಕ್ರಮವನ್ನು ಹೇರುವುದಿಲ್ಲವೆಂಬ ಪ್ರತಿಜ್ಞೆಯನ್ನೂ ಸೇರಿಸಿದರು. ಕಾನೂನಿನ ಕಣ್ಣಿಗೆ ಇದು ಸಡಿಲವಾದ ವಾಕ್ಯ. ಇತಿಹಾಸದ ಕಣ್ಣಿಗೆ, ಒಬ್ಬರನ್ನೊಬ್ಬರು ನಂಬಿ ಕಾಲಕ್ಕೆ ಕೆಲಸವನ್ನು ಬಿಟ್ಟುಕೊಟ್ಟ ಅಪೂರ್ವ ಉದಾಹರಣೆ.

ಎರಡನೆಯ ಗಂಟು ಕರ್ತನ ಭೋಜನಕ್ಕೆ ಸಂಬಂಧಿಸಿದ್ದು. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚುವ ಈ ಸಂಸ್ಕಾರವನ್ನು ಅಭಿಷಿಕ್ತನಲ್ಲದ ಸಾಮಾನ್ಯ ಸಭಿಕನು ನಡೆಸಬಹುದೇ? 1930ರ ದಶಕದಲ್ಲಿ ಐಕ್ಯ ಸಭೆಯವರು, ಸಭೆಯಿಂದ ಅಧಿಕಾರ ಪಡೆದ ಸಾಮಾನ್ಯ ಸಭಿಕನಿಗೆ ಈ ಅವಕಾಶವಿರಬೇಕೆಂದು ಒತ್ತಾಯಿಸಿದರು. ಆಂಗ್ಲಿಕನ್ನರಿಗೆ ಇದು ಊಹಿಸಲೂ ಅಸಾಧ್ಯವಾದ ಮಾತು. ಸಮಿತಿ ಮುರಿದುಬೀಳುವ ಹಂತದವರೆಗೆ ಚರ್ಚೆ ನಡೆಯಿತು. ಹೊರಗಿನಿಂದ ನೋಡುವವರಿಗೆ ಇದೊಂದು ವೈದಿಕ ಸೂಕ್ಷ್ಮದಂತೆ ತೋರಬಹುದು. ಆದರೆ ಹಳ್ಳಿಯ ಉಪದೇಶಿಯನ್ನು ನೆನೆದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ವರ್ಷವೆಲ್ಲ ಸಭೆಯನ್ನು ಸಾಕುವವನು ಅವನು. ವರ್ಷಕ್ಕೆ ಕೆಲವೇ ಸಲ ಎತ್ತಿನ ಬಂಡಿಯಲ್ಲಿ ಬಂದಿಳಿಯುವ ಅಯ್ಯನವರು ಭೋಜನದ ಮೇಜಿನ ಮುಂದೆ ನಿಂತಾಗ ಬದಿಗೆ ಸರಿದು ನಿಲ್ಲುವವನೂ ಅವನು. ಸಭೆಯ ಜೀವನದ ಕೇಂದ್ರದಲ್ಲಿರುವ ಸಂಸ್ಕಾರದಿಂದ, ಸಭೆಯ ನಿಜವಾದ ನಾಯಕನನ್ನು ಹೊರಗಿಡುವ ಪದ್ಧತಿ ಇದು.

ಇದಕ್ಕೆ ಇನ್ನೊಂದು ಪರಿಹಾರವೂ ಸಾಧ್ಯವಿತ್ತು. ಸಾಮಾನ್ಯ ಸಭಿಕನಿಗೆ ಸಂಸ್ಕಾರದ ಅಧಿಕಾರ ಕೊಡುವುದರ ಬದಲು, ಆ ಉಪದೇಶಿಯನ್ನೇ, ಊರಿನ ಹಿರಿಯನನ್ನೇ ಅಭಿಷೇಕಿಸಬಹುದಾಗಿತ್ತು. ರೋಲಂಡ್ ಆಲನ್ ಎಂಬ ಆಂಗ್ಲಿಕನ್ ಲೇಖಕರು 1912ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೌಲನು ತಾನು ಸ್ಥಾಪಿಸಿದ ಸಭೆಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಆ ಊರಿನವರನ್ನೇ ಹಿರಿಯರಾಗಿ ನೇಮಿಸಿ ಮುಂದಕ್ಕೆ ಹೋದನು, ಆಧುನಿಕ ಮಿಷನ್ನುಗಳು ತಲೆಮಾರುಗಳು ಕಳೆದರೂ ಹಾಗೆ ಮಾಡಲು ಅಂಜುತ್ತವೆ ಎಂದು ತೋರಿಸಿದ್ದರು. ಆದರೆ ಅಭಿಷಿಕ್ತ ಬೋಧಕನೆಂದರೆ ದೈವಜ್ಞಾನದ ಕಾಲೇಜಿನಲ್ಲಿ ಓದಿದವನು, ಸಂಬಳ ಪಡೆಯುವವನು ಎಂಬ ಭಾವನೆ ಮೂರು ಪಂಗಡಗಳಲ್ಲಿಯೂ ಸಮಾನವಾಗಿತ್ತು. ಬಿಷಪನ ವಿಷಯದಲ್ಲಿ ಕಾದಾಡಿದವರು ಈ ವಿಷಯದಲ್ಲಿ ಒಮ್ಮತದಲ್ಲಿದ್ದರು. ಆದ್ದರಿಂದಲೇ ಇದು ಚರ್ಚೆಗೆ ಸರಿಯಾಗಿ ಬರಲೇ ಇಲ್ಲ. ಸಮಿತಿಗಳ ಒಮ್ಮತವನ್ನು ಇತಿಹಾಸಕಾರನು ಅವುಗಳ ಭಿನ್ನಮತದಷ್ಟೇ ಎಚ್ಚರದಿಂದ ಪರೀಕ್ಷಿಸಬೇಕಾಗುತ್ತದೆ. ಕೊನೆಗೆ, ಕರ್ತನ ಭೋಜನವನ್ನು ನಡೆಸುವ ಅಧಿಕಾರ ಬಿಷಪರಿಗೂ ಪ್ರೆಸ್ಬಿಟರರಿಗೂ ಸೇರಿದ್ದೆಂಬ ಸಾಮಾನ್ಯ ನಿಯಮವೇ ಸಂವಿಧಾನದಲ್ಲಿ ಉಳಿಯಿತು.

1943ರಲ್ಲಿ ಮೆಥಡಿಸ್ಟರೂ 1945ರ ಜನವರಿಯಲ್ಲಿ ಆಂಗ್ಲಿಕನ್ ಮಹಾಸಭೆಯೂ 1946ರಲ್ಲಿ ಐಕ್ಯ ಸಭೆಯೂ ಯೋಜನೆಗೆ ಒಪ್ಪಿಗೆ ಕೊಟ್ಟವು. ಅಜರಯ್ಯನವರು ಇದನ್ನು ನೋಡಲಿಲ್ಲ. ತಮ್ಮ ಸಭೆಯ ಮಹಾಸಭೆ ಮತ ಹಾಕುವ ಮುನ್ನವೇ, 1945ರ ಜನವರಿ 1ರಂದು, ತೀರಿಕೊಂಡಿದ್ದರು. ಸ್ವಾತಂತ್ರ್ಯ ಬಂದ 43 ದಿನಗಳ ಬಳಿಕ ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ, ತಿರುವಾಂಕೂರಿನ ಬಿಷಪ್ ಸಿ. ಕೆ. ಜೇಕಬರ ಅಧ್ಯಕ್ಷತೆಯಲ್ಲಿ, ಸುಮಾರು ಹತ್ತು ಲಕ್ಷ ಸದಸ್ಯರ ಹೊಸ ಸಭೆ ಉದಯಿಸಿತು. ಬಿಷಪರ ಅಧೀನದಲ್ಲಿದ್ದ ಸಭೆಯೊಂದು ಬಿಷಪರನ್ನು ಒಪ್ಪದ ಸಭೆಗಳೊಡನೆ ಸಾವಯವವಾಗಿ ಒಂದಾದುದು ಧರ್ಮಸುಧಾರಣೆಯ ಕಾಲದಿಂದೀಚೆಗೆ ಇದೇ ಮೊದಲು. ಅದೇ ದಿನ ಒಂಬತ್ತು ಮಂದಿ ಹೊಸ ಬಿಷಪರು ಅಭಿಷಿಕ್ತರಾದರು. ಮಧುರೆ–ರಾಮನಾಡು ಪ್ರಾಂತ್ಯಕ್ಕೆ ಬಂದ 37 ವರ್ಷದ ಲೆಸ್ಲಿ ನ್ಯೂಬಿಗಿನ್ ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಸಭೆಯವರು. ಅಂದರೆ ಬಿಷಪರಿಲ್ಲದ ಸಭೆಯಿಂದ ಬಂದು ಬಿಷಪರಾದವರು. ಮೈಸೂರು ಪ್ರಾಂತ್ಯದ ಮೊದಲ ಬಿಷಪರಾದ ಪಿ. ಗುರುಶಾಂತ ಅವರು ಮೆಥಡಿಸ್ಟ್ ಪರಂಪರೆಯವರು.

ಸಂವಿಧಾನದ ಮಾತುಗಳನ್ನು ಗಮನಿಸಿದರೆ ತರಂಗಂಬಾಡಿಯ ಮೂರು ಅಂಶಗಳು ಹೇಗೆ ವ್ಯವಸ್ಥೆಯ ರೂಪ ತಾಳಿದವೆಂಬುದು ಕಾಣುತ್ತದೆ. ಬಿಷಪನು ಮದರಾಸಿ‘ನ’ ಬಿಷಪನಲ್ಲ, ಮದರಾಸಿ‘ನಲ್ಲಿ’ ಬಿಷಪನು. ಕನ್ನಡದಲ್ಲಿ ಒಂದು ವಿಭಕ್ತಿಪ್ರತ್ಯಯದಷ್ಟೇ ವ್ಯತ್ಯಾಸ. ಆದರೆ ಒಡೆತನವನ್ನು ಸೂಚಿಸುವ ಷಷ್ಠಿಯನ್ನು ಬಿಟ್ಟು ಇರವನ್ನು ಸೂಚಿಸುವ ಸಪ್ತಮಿಯನ್ನು ಹಿಡಿದುದರಲ್ಲಿ ಬಿಷಪನ ಕಲ್ಪನೆಯೇ ಬದಲಾಗಿದೆ. ಅವನನ್ನು ರಾಜನೂ ನೇಮಿಸುವುದಿಲ್ಲ, ಇತರ ಬಿಷಪರು ತಾವಾಗಿಯೂ ಆರಿಸುವುದಿಲ್ಲ. ಪ್ರೆಸ್ಬಿಟರರೂ ಸಾಮಾನ್ಯ ಸಭಿಕರ ಪ್ರತಿನಿಧಿಗಳೂ ಕೂಡಿದ ಪ್ರಾಂತೀಯ ಸಭೆ ಮತ ಹಾಕಿ ಕೆಲವು ಹೆಸರುಗಳನ್ನು ಕಳುಹಿಸುವುದು, ಸಿನಡ್ಡಿನ ಪರವಾಗಿ ಕೂಡುವ ಮಂಡಲಿ ಅವುಗಳಲ್ಲಿ ಒಂದನ್ನು ಆರಿಸುವುದು. ಇಡೀ ಸಭೆಯ ಪರಮಾಧಿಕಾರ ಸಿನಡ್ಡಿನದು. ಅದರಲ್ಲಿ ಬಿಷಪರು, ಪ್ರೆಸ್ಬಿಟರರು, ಸಾಮಾನ್ಯ ಸಭಿಕರು ಮೂವರೂ ಉಂಟು. ಆರ್ಚ್‌ಬಿಷಪ್ ಎಂಬ ಪದವಿಯೇ ಇಲ್ಲ. ಬಿಷಪರಲ್ಲಿ ಒಬ್ಬರು ನಿಯಮಿತ ಅವಧಿಗೆ ಮಾಡರೇಟರರಾಗಿ ಅಧ್ಯಕ್ಷತೆ ವಹಿಸುವರು. ಮೊದಲನೆಯ ಸಿನಡ್ಡು 1948ರಲ್ಲಿ ಮದರಾಸಿನ ಬಿಷಪ್ ಮೈಕೇಲ್ ಹಾಲಿಸ್ ಅವರನ್ನು ಆ ಸ್ಥಾನಕ್ಕೆ ಆರಿಸಿತು. ಬೋಧಕನನ್ನು ಪಾದ್ರಿಯೆಂದಾಗಲಿ ಮಂತ್ರಿಯೆಂದಾಗಲಿ ಕರೆಯದೆ ‘ಪ್ರೆಸ್ಬಿಟರ್’ ಎಂದು ಕರೆದುದು ಕೂಡ, ಯಾವ ಪಂಗಡದ ಹಳೆಯ ಹೆಸರೂ ಗೆದ್ದಂತಾಗದಿರಲೆಂದು.

ಈ ಏರ್ಪಾಡು ಎಲ್ಲರಿಗೂ ಹಿಡಿಸಲಿಲ್ಲ. 1948ರ ಲ್ಯಾಂಬೆತ್ ಸಮ್ಮೇಲನದಲ್ಲಿ ಬಿಷಪರ ಅಭಿಪ್ರಾಯಗಳು ಇಬ್ಭಾಗವಾದವು. ಕವಿ ಟಿ. ಎಸ್. ಎಲಿಯಟ್ 1943ರಲ್ಲೇ ಯೋಜನೆಯನ್ನು ಖಂಡಿಸಿ ಒಂದು ಕಿರುಪುಸ್ತಕ ಬರೆದಿದ್ದರು. ಕರ್ನೂಲು ಜಿಲ್ಲೆಯ ನಂದ್ಯಾಲ ಪ್ರದೇಶದ ಅನೇಕ ಆಂಗ್ಲಿಕನ್ ಸಭೆಗಳು ಹೊಸ ಸಭೆಗೆ ಸೇರಲು ಒಪ್ಪದೆ ಬಹುಕಾಲ ಹೊರಗೇ ಉಳಿದವು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯವರು 1955ರಲ್ಲಿ ಹೊಸ ಸಭೆಯ ಬಿಷಪರನ್ನೂ ಐಕ್ಯದ ಅನಂತರ ಅಭಿಷಿಕ್ತರಾದವರನ್ನೂ ಮಾನ್ಯ ಮಾಡುವ ನಿರ್ಣಯ ಮಾಡಿದ ಮೇಲೆ ಹೊರಗಿನ ಬಿರುಗಾಳಿ ಸ್ವಲ್ಪ ಶಾಂತವಾಯಿತು.

ಒಳಗಿನ ಪರಿಣಾಮಗಳು ಹೆಚ್ಚು ಕುತೂಹಲಕರ. ಬರಹದಲ್ಲಿ ಬಿಷಪನ ಅಧಿಕಾರಕ್ಕೆ ಹಲವು ಅಂಕುಶಗಳಿದ್ದವು. ಆದರೆ ಐಕ್ಯದ ಬಳಿಕ ವಿದೇಶೀ ಮಿಷನ್ನುಗಳು ಕ್ರಮೇಣ ಹಿಂದೆ ಸರಿದು ತಮ್ಮ ಶಾಲೆ, ಕಾಲೇಜು, ಆಸ್ಪತ್ರೆ, ಬಂಗಲೆ, ನಿವೇಶನಗಳನ್ನು ಪ್ರಾಂತ್ಯಗಳ ಹಾಗೂ 1947ರಲ್ಲೇ ನೋಂದಾಯಿತವಾಗಿದ್ದ ಸಭೆಯ ಟ್ರಸ್ಟ್ ಅಸೋಸಿಯೇಷನ್ನಿನ ವಶಕ್ಕೆ ಒಪ್ಪಿಸಿದವು. ಆ ಸಂಸ್ಥೆಗಳ ಆಡಳಿತಮಂಡಲಿಗಳ ಅಧ್ಯಕ್ಷತೆ ಬಹುತೇಕ ಬಿಷಪನಿಗೇ ಬಂದಿತು. ಹಿಂದೆ ಮಿಷನರಿಯ ಮೇಜಿನ ಮೇಲಿದ್ದ ಕಡತಗಳು ಬಿಷಪನ ಮೇಜಿಗೆ ಬಂದವು. ಅಭಿಷೇಕದ ಅಧಿಕಾರವನ್ನು ಕುರಿತು ಇಪ್ಪತ್ತೆಂಟು ವರ್ಷ ವಾದ ಮಾಡಿದವರು, ಒಬ್ಬ ಮುಖ್ಯೋಪಾಧ್ಯಾಯನನ್ನು ವರ್ಗ ಮಾಡುವ ಅಧಿಕಾರ ಯಾರಲ್ಲಿರಬೇಕೆಂಬುದನ್ನು ಅಷ್ಟು ದೀರ್ಘವಾಗಿ ಯೋಚಿಸಿರಲಿಲ್ಲ. ಈಚಿನ ದಶಕಗಳಲ್ಲಿ ಸಭೆಯ ಚುನಾವಣೆಗಳನ್ನೂ ಆಸ್ತಿಯನ್ನೂ ಕುರಿತು ಉಚ್ಚ ನ್ಯಾಯಾಲಯಗಳವರೆಗೆ ಹೋಗಿರುವ ವ್ಯಾಜ್ಯಗಳಿಗೆ ವ್ಯಕ್ತಿಗಳನ್ನು ಮಾತ್ರ ಕಾರಣರೆಂದು ಹೇಳುವುದು ಸುಲಭ. ಅಧಿಕಾರವು ಸಂವಿಧಾನ ಹಂಚಿದ ಜಾಗದಿಂದ ಹಂಚದೆ ಬಿಟ್ಟ ಜಾಗಕ್ಕೆ ಹರಿದುಹೋಯಿತೆಂಬುದು ಹೆಚ್ಚು ಸಮಂಜಸವಾದ ವಿವರಣೆಯೆಂದು ತೋರುತ್ತದೆ.

ಹಳ್ಳಿಯಲ್ಲಿ ಹತ್ತು, ಇಪ್ಪತ್ತು, ಕೆಲವೆಡೆ ಅದಕ್ಕೂ ಹೆಚ್ಚು ಸಭೆಗಳಿಗೆ ಒಬ್ಬ ಪ್ರೆಸ್ಬಿಟರ್ ಎಂಬ ಸ್ಥಿತಿ ಐಕ್ಯದ ನಂತರವೂ ಮುಂದುವರಿಯಿತು. ಸಂಬಳವಿಲ್ಲದ ಊರಿನ ಹಿರಿಯನನ್ನೇ ಅಭಿಷೇಕಿಸುವ ಪ್ರಯತ್ನಗಳು ಅಲ್ಲಲ್ಲಿ ನಡೆದರೂ ಅವು ನಿಯಮವಾಗದೆ ಅಪವಾದಗಳಾಗಿಯೇ ಉಳಿದವು. ಆದರೂ ಸಮಿತಿಯಲ್ಲಿ ಕುಳಿತು ಮಾತನಾಡುವ ಅಭ್ಯಾಸ ಹಳ್ಳಿಗನಿಗೆ ದೊರೆತುದನ್ನು ಕಡೆಗಣಿಸಲಾಗದು. ಜಮೀನ್ದಾರನ ಜಗಲಿಯನ್ನು ಏರಲಾಗದವನು ಪ್ರಾಂತೀಯ ಸಭೆಯಲ್ಲಿ ಬಿಷಪನ ಆಯವ್ಯಯವನ್ನು ಪ್ರಶ್ನಿಸಬಹುದಾಯಿತು. ಕನ್ನಡನಾಡಿನಲ್ಲಿ ಇದಕ್ಕೆ ಬೇರೆ ಬೇರೆ ಬೇರುಗಳಿವೆ: ಮೈಸೂರು ಸೀಮೆಯಲ್ಲಿ ಮೆಥಡಿಸ್ಟರ ಸ್ಥಳೀಯ ಪ್ರಸಂಗಿಗಳು, ಕರಾವಳಿಯಲ್ಲಿಯೂ ಧಾರವಾಡದ ಕಡೆಯಲ್ಲಿಯೂ ಬಾಸೆಲ್ ಮಿಷನ್ ಪರಂಪರೆಯ ಸಭಾಹಿರಿಯರು. ಬಾಸೆಲ್ ಪರಂಪರೆಯ ಸಭೆಗಳೂ ಕಾಲಕ್ರಮದಲ್ಲಿ ಈ ಐಕ್ಯದೊಳಗೆ ಬಂದುವು. ಇಂದು ಕರ್ನಾಟಕದಲ್ಲಿ ಉತ್ತರ, ಮಧ್ಯ, ದಕ್ಷಿಣವೆಂಬ ಮೂರು ಪ್ರಾಂತ್ಯಗಳಿವೆ. ವಿವಿಧ ಪಂಗಡಗಳ ವಿದ್ಯಾರ್ಥಿಗಳು ಒಂದೇ ಸೂರಿನಡಿ ಓದಲೆಂದು 1910ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು, ಐಕ್ಯದ ಕಾಗದಪತ್ರಗಳು ಸಿದ್ಧವಾಗುವುದಕ್ಕೆ ಬಹಳ ಮೊದಲೇ, ಒಂದೇ ಬೆಂಚಿನ ಮೇಲೆ ಕುಳಿತವರ ನಡುವಣ ಐಕ್ಯವನ್ನು ಬೆಳೆಸತೊಡಗಿತ್ತು.

ಸ್ತ್ರೀಯರ ವಿಷಯ ತರಂಗಂಬಾಡಿಯ ಹೇಳಿಕೆಯಲ್ಲಿ ಏಳಲೇ ಇಲ್ಲ. ಪ್ರತಿಯೊಬ್ಬ ಸದಸ್ಯನಿಗೂ ದೇವರ ಸನ್ನಿಧಿಯಲ್ಲಿ ಸಮಾನ ಪ್ರವೇಶವುಂಟೆಂದು ಸಾರಿದವರು ಆ ‘ಪ್ರತಿಯೊಬ್ಬ’ನಲ್ಲಿ ಅರ್ಧದಷ್ಟು ಜನ ಹೆಂಗಸರೆಂಬುದನ್ನು ಯೋಚಿಸಿದಂತೆ ಕಾಣುವುದಿಲ್ಲ, ಅವರ ಕಾಲದ ಬಹುತೇಕ ಸಂಸ್ಥೆಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ಅಭಿಷೇಕದ ಬಾಗಿಲು ಸ್ತ್ರೀಯರಿಗೆ ತೆರೆಯಲು ಐಕ್ಯದ ಬಳಿಕವೂ ದಶಕಗಳು ಬೇಕಾದವು. 2013ರ ಸೆಪ್ಟೆಂಬರಿನಲ್ಲಿ ಎಗ್ಗೋನಿ ಪುಷ್ಪಲಲಿತಾ ಅವರು ದಕ್ಷಿಣ ಭಾರತ ಸಭೆಯ ಮೊದಲನೆಯ ಮಹಿಳಾ ಬಿಷಪರಾಗಿ ಅಭಿಷಿಕ್ತರಾದರು. ಅವರಿಗೆ ಒಪ್ಪಿಸಿದ ಪ್ರಾಂತ್ಯ, ಬಿಷಪನ ಪದವಿಯ ಪರಿಶುದ್ಧಿಗಾಗಿ 1947ರಲ್ಲಿ ಐಕ್ಯದಿಂದ ಹೊರಗೆ ನಿಂತಿದ್ದ ಅದೇ ನಂದ್ಯಾಲ.